ಭಂಗಿ ಬೀಜ ಬೇರೆ, ಭಂಗಿ ಸೊಪ್ಪು ಬೇರೆ

ಪ್ರಶ್ನೆ: ಅಕ್ಕಾ, ನಮ್ಮ ಸೊಸೆ ಅಲ್ಮೋರಾ ಕಡೆಯವಳು. ತವರಿಂದ ಬರ್ತಾ ಒಂದು ಡಬ್ಬಿ ಭಂಗಿ ಬೀಜ ತಂದಿದಾಳೆ, ಚಟ್ನಿ ಮಾಡ್ತೀನಿ ಅತ್ತೆ ಅಂತಾಳೆ. ಮನೇಲಿ ಚಿಕ್ಕ ಮಕ್ಕಳಿದಾವೆ, ನಮ್ಮೆಜಮಾನ್ರು ಪೊಲೀಸ್ ಬರ್ತಾರೆ ಅಂತಿದಾರೆ. ಏನ್ ಮಾಡ್ಲಿ?
- ಓದುಗರು, ತುಮಕೂರು

ಉತ್ತರ: ಧೈರ್ಯವಾಗಿ ಮಾಡಿಸ್ಕೊಂಡು ತಿನ್ನಿ. ಅಲ್ಮೋರಾ ಇರೋ ಕುಮಾವೂಂ ಸೀಮೇಲಿ ಇದು ನಮ್ಮ ಹುಚ್ಚೆಳ್ಳು ಚಟ್ನಿ ಇದ್ದಹಾಗೆ, ದಿನದ ಊಟದ್ದು. ಭಂಗಿ ಅಂದ್ರೆ ಗಾಂಜಾ ಗಿಡವೇ, ಆದ್ರೆ ಅಮಲು ಬರಿಸೋ ಟಿಎಚ್‌ಸಿ ಅನ್ನೋ ಅಂಶ ಇರೋದು ಹೂವಿನ ಅಂಟಿನಲ್ಲಿ, ಸ್ವಲ್ಪ ಎಲೇಲಿ, ಬೀಜದೊಳಗೆ ಇರಲ್ಲ. ಮಾದಕವಸ್ತು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೇಲೂ ಹೂವಿನ ತುದಿ ಜೊತೆಗಿಲ್ಲದ ಬೀಜ ಗಾಂಜಾ ಅನ್ನೋ ಲೆಕ್ಕಕ್ಕೆ ಬರಲ್ಲ, 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೂಡ ಇದನ್ನ ಆಹಾರ ಅಂತ ಒಪ್ಪಿದೆ, ಒಂದು ಕೆಜಿ ಬೀಜದಲ್ಲಿ ಟಿಎಚ್‌ಸಿ 5 ಮಿಲಿಗ್ರಾಂ ದಾಟಬಾರದು ಅಷ್ಟೆ.

ಆದ್ರೆ ಊರಿಂದ ಬಂದ ಬೀಜದಲ್ಲಿ ಒಣಗಿದ ಎಲೆ ಹೂವಿನ ಚೂರು ಸೇರಿರುತ್ತೆ, ಅದನ್ನ ಮೊರದಲ್ಲಿ ಕೇರಿ, ನಾಲ್ಕು ನೀರಲ್ಲಿ ತೊಳೆದು ಒಣಗಿಸಿ. ಆಮೇಲೆ ಸಣ್ಣ ಉರೀಲಿ ಬಾಣಲೆಗೆ ಹಾಕಿ, ಚಟಪಟ ಅನ್ನೋಕೆ ಶುರುವಾಗಿ ಘಮ್ ಅಂದ ತಕ್ಷಣ ಇಳಿಸಿಬಿಡಿ, ಒಂದು ನಿಮಿಷ ಜಾಸ್ತಿಯಾದ್ರೂ ಕಹಿ. ಜೀರಿಗೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಉಪ್ಪು ಹಾಕಿ ರುಬ್ಬಿ, ನಿಂಬೆಹಣ್ಣು ಹಿಂಡಿ. ಸಿಪ್ಪೆ ಹಲ್ಲಿಗೆ ಮರಳಿನ ಥರ ಸಿಗುತ್ತೆ, ನಾನು ಮೊದಲನೇ ಸಲ ಮಾಡಿದಾಗ ಮನೇಲಿ ಯಾರೂ ಎರಡನೇ ತುತ್ತು ತಿನ್ನಲಿಲ್ಲ, ಅದಕ್ಕೇ ಜೀರಿಗೆ ಮೆಣಸಿನಕಾಯಿ ಸೇರಿಸೋ ಮುಂಚೆ ಬೀಜ ಒಂದನ್ನೇ ನೀರು ಹಾಕಿ ರುಬ್ಬಿ ಬಟ್ಟೇಲಿ ಸೋಸ್ಕೊಳ್ಳಿ, ತೆಂಗಿನಹಾಲಿನ ಥರ ಬೆಳ್ಳಗೆ ಇಳಿಯುತ್ತೆ. ಅಲ್ಲಿಯವರು ಆ ಹಾಲನ್ನ ಕೆಸುವಿನ ಗಡ್ಡೆ ಪಲ್ಯಕ್ಕೂ ಹಾಕ್ತಾರೆ, ಕೇಳಿ ಮಾಡಿಸ್ಕೊಳ್ಳಿ.

ಒಂದೇ ಮಾತು, ಹುರಿಯದ ಬೀಜ ಕುಂಡಕ್ಕೆ ಬಿತ್ತಬೇಡಿ. ಲೈಸೆನ್ಸ್ ಇಲ್ಲದೆ ಗಿಡ ಬೆಳೆಸಿದ್ರೆ 10 ವರ್ಷದವರೆಗೂ ಜೈಲು.

ಪ್ರಶ್ನೆ: ಮೇಡಂ, ಹೋಳಿಗೆ ಕಾಶಿಗೆ ಹೋಗಿದ್ವಿ. ಭಾಂಗ್ (ಅರೆದ ಭಂಗಿ ಸೊಪ್ಪು) ಹಾಕಿದ ಠಂಡಾಯಿ ಒಂದು ಲೋಟ ಕುಡಿದೆ, ಮುಕ್ಕಾಲು ಗಂಟೆ ಆದ್ರೂ ಏನೂ ಆಗ್ಲಿಲ್ಲ ಅಂತ ಇನ್ನೊಂದು ಕುಡಿದೆ. ಆಮೇಲೆ ಎದೆ ಹೊಡ್ಕೊಳ್ತಿದೆ, ಸತ್ತೇ ಹೋಗ್ತೀನಿ ಅನ್ನೋ ಭಯ, ಮಾರನೇ ದಿನದವರೆಗೂ ಮಂಪರು. ಮನೇಲೇ ಅಳತೆ ಮಾಡಿ ಮಾಡಿದ್ರೆ ಈ ತೊಂದ್ರೆ ಇರಲ್ವಾ?
- ಓದುಗರು, ಹುಬ್ಬಳ್ಳಿ

ಉತ್ತರ: ಇರುತ್ತೆ ತಮ್ಮಾ, ಅದಕ್ಕೇ ಬೇಡ ಅಂತೀನಿ. ನಿಮ್ಮನ್ನ ಕೆಡವಿದ್ದು ಎರಡನೇ ಲೋಟ. ಸೇದಿದ್ದು ನಿಮಿಷಗಳಲ್ಲಿ ತಲೆಗೆ ಹೋಗುತ್ತೆ, ತಿಂದಿದ್ದು ಕುಡಿದಿದ್ದು ಹೊಟ್ಟೆ ದಾಟಿ ಲಿವರ್‌ಗೆ ಹೋಗಿ ಅಲ್ಲಿ ಇನ್ನೊಂದು ರೂಪ ತಾಳುತ್ತೆ, ಆ ರೂಪದ ಅಮಲೂ ಜೋರು. ಶುರುವಾಗೋಕೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಹೊಟ್ಟೆ ತುಂಬಿದ್ರೆ ಇನ್ನೂ ತಡ. ಅಷ್ಟರಲ್ಲಿ ನೀವು ಇನ್ನೊಂದು ಕುಡಿದಾಗಿತ್ತು, ಎರಡೂ ಒಟ್ಟಿಗೆ ಏರಿತು.

ಟಿಎಚ್‌ಸಿ ನೀರಲ್ಲಿ ಕರಗಲ್ಲ, ಕೊಬ್ಬಿನಲ್ಲಿ ಕರಗುತ್ತೆ, ಠಂಡಾಯಿಗೆ ಹಾಲು ಬಾದಾಮಿ ಬೀಳೋದ್ರಿಂದ ಅದು ಸಲೀಸಾಗಿ ಮೈಗೆ ಸೇರುತ್ತೆ. ಈಗ ಅಳತೆ ವಿಷಯ. ಚಮಚದಲ್ಲಿ ನೀವು ಅಳೆಯೋದು ಸೊಪ್ಪನ್ನ, ಅದರೊಳಗಿನ ಮತ್ತನ್ನಲ್ಲ. ಗಿಡದಿಂದ ಗಿಡಕ್ಕೆ ಅದು ಬೇರೆ, ಒಂದೇ ಪಾತ್ರೇಲೂ ಮೇಲಿನ ಲೋಟ ತಳದ ಲೋಟ ಒಂದೇ ಥರ ಇರಲ್ಲ. ಕಾಶೀಲಿ ಸರ್ಕಾರಿ ಲೈಸೆನ್ಸ್ ಇರೋ ಭಾಂಗ್ ಅಂಗಡಿ ಇದೆ ಅಂತ ಇಲ್ಲೂ ನಡೆಯುತ್ತೆ ಅಂದ್ಕೋಬೇಡಿ, ಒಂದೊಂದು ರಾಜ್ಯದ ಅಬಕಾರಿ ಕಾನೂನು ಒಂದೊಂದು ಥರ.

ಇನ್ಮೇಲೆ ಯಾರಿಗಾದ್ರೂ ಹಾಗಾದ್ರೆ ಉಪ್ಪಿನಕಾಯಿ ನೆಕ್ಕಿಸ್ತಾ ಕೂರಬೇಡಿ, ಏರಿದ್ದು ಅದರಿಂದ ಇಳಿಯಲ್ಲ. ಗಲಾಟೆ ಇಲ್ಲದ ಕಡೆ ಒಂದು ಮಗ್ಗುಲಾಗಿ ಮಲಗಿಸಿ, ಒಬ್ಬರು ಪಕ್ಕದಲ್ಲೇ ಇರಿ, ಗಾಡಿ ಕೀ ಕಿತ್ತಿಟ್ಕೊಳ್ಳಿ. ಎದೆನೋವು, ನಿಲ್ಲದ ವಾಂತಿ, ಎಬ್ಬಿಸಿದ್ರೂ ಏಳದಿರೋದು ಇದ್ರೆ 108ಕ್ಕೆ ಫೋನ್ ಮಾಡಿ. ಮಗು ಗೊತ್ತಿಲ್ಲದೆ ತಿಂದಿದ್ರಂತೂ ಲಕ್ಷಣಕ್ಕೆ ಕಾಯದೆ ಎತ್ಕೊಂಡು ಆಸ್ಪತ್ರೆಗೆ ಓಡಿ, ಡಾಕ್ಟರ್ ಹತ್ರ ಏನು ತಿಂತು ಅಂತ ನಾಚಿಕೆ ಬಿಟ್ಟು ಹೇಳಿ.