320 ಮಾಡಿದರೂ ಹೋದ ಸದ್ದು ಬರದು

ಪ್ರಶ್ನೆ: 2000ದಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಎಂಬ ಜಾಲದಿಂದ ಇಳಿಸಿಕೊಂಡ ನೂರಾರು ಎಂಪಿ3 ಹಾಡುಗಳು 128 ಕೆಬಿಪಿಎಸ್‌ನಲ್ಲಿವೆ (ಸೆಕೆಂಡಿಗೆ 128 ಕಿಲೋಬಿಟ್). 320ಕ್ಕೆ ಬದಲಾಯಿಸಿದರೆ ಸಿ.ಡಿ. ಗುಣಮಟ್ಟ ಬರುತ್ತದೆಯೇ?

ಬರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವೇ ತಪ್ಪಿದೆ. ಸಿ.ಡಿ.ಯ ನಾಲ್ಕು ನಿಮಿಷದ ಹಾಡು ಸುಮಾರು 42 ಎಂ.ಬಿ. ಆಗಿನ ಫೋನ್ ತಂತಿಯ 56ಕೆ ಮೋಡೆಮ್ ಪೂರ್ತಿ ವೇಗದಲ್ಲಿ ಓಡಿದರೂ (ಓಡಿದ್ದನ್ನು ನಾನಂತೂ ಕಂಡಿಲ್ಲ) ಇಳಿಸಲು ಒಂದು ಗಂಟೆ ನಲವತ್ತು ನಿಮಿಷ ಬೇಕು. 128ರಲ್ಲಿ ಅದೇ ಹಾಡು 4 ಎಂ.ಬಿ.ಗೂ ಕಡಿಮೆ, ಹತ್ತು ನಿಮಿಷದ ಕೆಲಸ. ಎಂಪಿ3 ರೂಪಿಸಿದವರಲ್ಲಿ ಪ್ರಮುಖರಾದ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರ ಜಾಣತನ ಇದ್ದದ್ದೇ ಅಲ್ಲಿ: ಜೋರು ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ಸದ್ದುಗಳನ್ನು ಕೈಬಿಟ್ಟು ಜಾಗ ಉಳಿಸಿದರು. ಕೈಬಿಟ್ಟದ್ದು ಫೈಲಿನ ಯಾವ ಮೂಲೆಯಲ್ಲೂ ಅಡಗಿ ಕೂತಿಲ್ಲ. ಚೊಂಬಿನ ನೀರನ್ನು ಹಂಡೆಗೆ ಸುರಿದರೆ ಹಂಡೆ ತುಂಬುತ್ತದೆಯೇ? ಮೇಲಾಗಿ, ಎರಡನೇ ಸಲ ಎಂಪಿ3 ಮಾಡುವಾಗ ಇನ್ನಷ್ಟು ಕಳೆದುಹೋಗುತ್ತದೆ.

ನಂಬಿಕೆ ಬರದಿದ್ದರೆ ಅಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಫೈಲು ತೆರೆದು ಸ್ಪೆಕ್ಟ್ರೋಗ್ರಾಮ್ (ಸದ್ದಿನ ಕಂಪನಾಂಕಗಳ ಚಿತ್ರ) ನೋಡಿ. ಸಾಮಾನ್ಯವಾಗಿ 16 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕತ್ತರಿ ಹಾಕಿದಂತೆ ನೆಟ್ಟನೆ ಗೆರೆ, ಅದರ ಮೇಲೆ ಖಾಲಿ. ಮೊನ್ನೆ ಒಬ್ಬರು ದುಡ್ಡು ತೆತ್ತು ‘ರೀಮಾಸ್ಟರ್’ ಮಾಡಿಸಿದ 320ರ ಫೈಲು ತಂದಿದ್ದರು. ಅದೇ ಗೆರೆ, ಅದೇ ಜಾಗ. ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಮಾತ್ರ ನೀರೊಳಗೆ ಬಾರಿಸಿದಂತೆ ಇನ್ನಷ್ಟು ಕಲಸಿಹೋಗಿತ್ತು. ಈ ಸೇವೆ ಮಾರುವವರು ಬುರುಡೆದಾಸರು, ಅಷ್ಟೇ. ಪ್ರೀತಿಯ ಹಾಡುಗಳನ್ನು ಈಗಲಾದರೂ ಕಾಸು ಕೊಟ್ಟು ಕೊಳ್ಳಿ.

ಪ್ರಶ್ನೆ: ನ್ಯಾಪ್‌ಸ್ಟರ್ ಬಳಿ ಹಾಡುಗಳೇ ಇರಲಿಲ್ಲ. ಅದನ್ನು ಮುಚ್ಚಿಸಿದ್ದು ಅನ್ಯಾಯವಲ್ಲವೇ?

ಹಾಡುಗಳು ಬಳಕೆದಾರರ ಕಂಪ್ಯೂಟರಿನಲ್ಲಿದ್ದವು, ನಿಜ. ಯಾರ ಬಳಿ ಯಾವುದಿದೆ ಎಂಬ ಪಟ್ಟಿ ಇದ್ದದ್ದು ನ್ಯಾಪ್‌ಸ್ಟರ್ ಸರ್ವರಿನಲ್ಲಿ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದೆದುರು ಹಕ್ಕುಸ್ವಾಮ್ಯದ ಮೊಕದ್ದಮೆಯಲ್ಲಿ ಅದು ಸಿಕ್ಕಿಬಿದ್ದದ್ದೂ ಇಲ್ಲೇ. ಜುಲೈನಲ್ಲಿ ಹಾಡು ಹಂಚುವುದು ನಿಂತಿತು. ಗ್ನುಟೆಲ್ಲಾ ಎಂಬ ಇನ್ನೊಂದು ಹಂಚಿಕೆ ಜಾಲದಲ್ಲಿ ಅಂಥ ಕೇಂದ್ರ ಪಟ್ಟಿಯೇ ಇರಲಿಲ್ಲ, ಹಾಗಾಗಿ ಗುಂಡಿ ಒತ್ತಿ ನಿಲ್ಲಿಸಲು ಯಾರಿಗೂ ಆಗಲಿಲ್ಲ.

ಪ್ರಶ್ನೆ: ಎಂಪಿ3 ಎಂದರೇ ಕಳ್ಳಮಾಲು ತಾನೇ?

ಅಲ್ಲ. ಅದೊಂದು ಫೈಲಿನ ನಮೂನೆ.

ಪ್ರಶ್ನೆ: ನಕಲು ತಡೆಯಿರುವ ಹಳೆಯ ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಬಹುದೇ?

2005ರಲ್ಲಿ ಸೋನಿ ಬಿಎಂಜಿಯ ಕೆಲವು ಸಿ.ಡಿ.ಗಳು ವಿಂಡೋಸ್‌ನೊಳಗೆ ಬಚ್ಚಿಟ್ಟುಕೊಳ್ಳುವ ತಂತ್ರಾಂಶವನ್ನು ತೂರಿಸಿ, ಕೊನೆಗೆ ಕಂಪನಿಯೇ ಅವನ್ನು ವಾಪಸು ಪಡೆಯಬೇಕಾಯಿತು. ಸಿ.ಡಿ. ಪ್ಲೇಯರಿನಲ್ಲಿ ಕೇಳಿ. ನಾನಾದರೆ ಕಂಪ್ಯೂಟರಿಗೆ ಹಾಕುವುದಿಲ್ಲ.