ಪೆಟ್ ಬಾಟಲಿ ಒಡೆಯುವ ಕಿಣ್ವಕ್ಕೆ ಎಷ್ಟು ಬಿಸಿ ಬೇಕು?

ಪ್ರಶ್ನೆ: ಜಪಾನಿನ ಬ್ಯಾಕ್ಟೀರಿಯಾವೊಂದು 30 ಡಿಗ್ರಿಯಲ್ಲೇ ಪೆಟ್ ಪ್ಲಾಸ್ಟಿಕ್ ತಿನ್ನುತ್ತದೆ ಎಂದು ಓದಿದೆ. ಹಾಗಿದ್ದ ಮೇಲೆ ಮರುಬಳಕೆಗೆ 70 ಡಿಗ್ರಿ ದಾಟಿದ ಬಿಸಿ ಏಕೆ? ಬಿಸಿಯೇ ಬೇಕಾದರೆ ನೀರನ್ನು ಕುದಿಸಿಬಿಡಬಾರದೇ?
– ಓದುಗರು, ಸಾಗರ

ಉತ್ತರ: ನೀವು ಓದಿದ್ದು 2016ರಲ್ಲಿ ವರದಿಯಾದ ಐಡಿಯೊನೆಲ್ಲ ಸಕಾಯೆನ್ಸಿಸ್ ಬಗ್ಗೆ. ಅದು ತಿನ್ನುತ್ತದೆ, ನಿಜ. ಆದರೆ ಒಂದು ತೆಳು ಹಾಳೆಗೆ ಸುಮಾರು ಆರು ವಾರ ಹಿಡಿಯಿತು. ಪೆಟ್ ತಣ್ಣಗಿರುವಾಗ ಅದರ ಉದ್ದನೆಯ ಅಣು-ಸರಪಳಿಗಳು ಬಿಗಿಯಾಗಿ ನಿಂತಿರುತ್ತವೆ. ಸರಪಳಿ ಸ್ವಲ್ಪ ಅಲುಗಾಡಿ ಕಿಣ್ವದ ಸೀಳಿನೊಳಗೆ ಬಂದು ಕೂತರಷ್ಟೇ ಕಿಣ್ವ ಅದನ್ನು ಕತ್ತರಿಸಬಲ್ಲದು. ಒಣ ಪೆಟ್ ಸಡಿಲವಾಗುವುದು ಸುಮಾರು 75 ಡಿಗ್ರಿಯಲ್ಲಿ, ನೀರಿನಲ್ಲಿ ನೆನೆದಿದ್ದರೆ 60–65ರಲ್ಲೇ. ಹಂಡೆಯ ಕುದಿನೀರು ಸುರಿದರೆ ಬಾಟಲಿ ಮುದುಡುವುದೂ ಇದರಿಂದಲೇ.

ಕುದಿಸಿದರೆ ಕಿಣ್ವ ಮೊಟ್ಟೆಯ ಬಿಳಿಯಂತೆ ಬೆಂದು ಕೆಡುತ್ತದೆ. ಇದು ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದ್ದು, ನಮ್ಮ ದೃಷ್ಟಿಯಲ್ಲಿ ಇನ್ನೂ ಮುಖ್ಯವಾದದ್ದು, ಎರಡನೆಯ ನಷ್ಟ: ಸಡಿಲವಾದ ಸರಪಳಿಗಳು ಬಿಸಿಯಲ್ಲಿ ತಾವಾಗಿ ಸಾಲುಗಟ್ಟಿ ಸ್ಫಟಿಕವಾಗುತ್ತವೆ. ಸ್ಫಟಿಕವಾದ ಭಾಗವನ್ನು ಕಿಣ್ವ ಬಹುತೇಕ ಮುಟ್ಟುವುದಿಲ್ಲ. ಹಾಗಾಗಿ ಸರಪಳಿ ಸಡಿಲವಾಗಿಯೂ ಇರಬೇಕು, ಗಟ್ಟಿಯಾಗುವ ಮೊದಲೇ ಕತ್ತರಿಸಿ ಮುಗಿಸಲೂ ಬೇಕು. 2020ರಲ್ಲಿ ಫ್ರಾನ್ಸಿನ ಸಂಶೋಧಕರು ಸುಧಾರಿಸಿದ ಕಿಣ್ವ ಇದನ್ನು ಸಾಧಿಸಿತು: ಲೀಟರಿಗೆ ಸುಮಾರು 200 ಗ್ರಾಂ ಪೆಟ್, ಗ್ರಾಂ ಪೆಟ್‌ಗೆ 3 ಮಿಲಿಗ್ರಾಂ ಕಿಣ್ವ, 72 ಡಿಗ್ರಿ, 10 ಗಂಟೆಯಲ್ಲಿ 90 ಪ್ರತಿಶತ ಪೆಟ್ ಒಡೆಯಿತು. ಆ ಕಿಣ್ವ ಮಡಿಕೆ ಬಿಚ್ಚಿಕೊಂಡು ಕೆಡುವುದು ಸುಮಾರು 94 ಡಿಗ್ರಿಯಲ್ಲಿ. ಆದರೂ 75ಕ್ಕೆ ಏರಿಸಿದರೆ ಫಲ ಇಳಿಯುತ್ತದೆ, ಏಕೆಂದರೆ ಅಲ್ಲಿ ಪ್ಲಾಸ್ಟಿಕ್ ಬೇಗ ಸ್ಫಟಿಕವಾಗುತ್ತದೆ.

ಪ್ರಶ್ನೆ: ಕಾಲೇಜು ಪ್ರಾಜೆಕ್ಟ್‌ಗೆ ನೀರಿನ ಬಾಟಲಿಯ ತುಂಡುಗಳನ್ನು ಬಿಸಿ ತಡೆಯುವ ಕ್ಯುಟಿನೇಸ್ (ಎಲೆಯ ಮೇಣದಂಥ ಪದರ ಕರಗಿಸುವ) ಕಿಣ್ವದಲ್ಲಿ, ಟ್ರಿಸ್ ಬಫರ್ (ಪಿಎಚ್, ಅಂದರೆ ಆಮ್ಲ-ಕ್ಷಾರದ ಮಟ್ಟ, ಬದಲಾಗದಂತೆ ಹಿಡಿಯುವ ದ್ರಾವಣ) ಪಿಎಚ್ 8ರಲ್ಲಿ, 65 ಡಿಗ್ರಿಯಲ್ಲಿ ಇಟ್ಟೆವು. ಮೂರು ದಿನವಾದರೂ ತೂಕ ಇಳಿಯಲಿಲ್ಲ.
– ವಿದ್ಯಾರ್ಥಿಗಳು, ಶಿವಮೊಗ್ಗ

ಉತ್ತರ: ಎರಡು ಕಡೆ ತಪ್ಪಿದೆ. ಟ್ರಿಸ್‌ನ ಪಿಎಚ್ ಪ್ರತಿ ಡಿಗ್ರಿಗೆ ಸುಮಾರು 0.028 ಇಳಿಯುತ್ತದೆ. ನೀವು 25 ಡಿಗ್ರಿಯಲ್ಲಿ 8 ಎಂದು ಹೊಂದಿಸಿದ್ದು 65ರಲ್ಲಿ 6.9ರ ಆಸುಪಾಸಿಗೆ ಬಂದಿರುತ್ತದೆ. ಬಿಸಿಗೆ ಅಷ್ಟಾಗಿ ಅಲುಗದ 0.1 ಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್ ಬಳಸಿ. ಇನ್ನು ಬಾಟಲಿಯ ಗೋಡೆ: ಅದನ್ನು ಅಚ್ಚಿನಲ್ಲಿ ಎಳೆದು ಊದಿರುತ್ತಾರೆ, ಎಳೆದಾಗಲೇ ಸ್ಫಟಿಕವಾಗಿರುತ್ತದೆ. ಎಳೆತ ಬೀಳದ ತಿರುಪಿನ ಕತ್ತನ್ನು ಕತ್ತರಿಸಿಕೊಳ್ಳಿ. ಬೇಕರಿಯ ಪಾರದರ್ಶಕ ಡಬ್ಬವೂ ಆದೀತು, ಆದರೆ ಅದರ ಮೇಲೆ ಪೆಟ್‌ನ ಗುರುತು, ತ್ರಿಕೋನದೊಳಗೆ 1 ಎಂದಿರಬೇಕು. ಅರೆದು ಅರ್ಧ ಮಿಲಿಮೀಟರಿಗಿಂತ ಸಣ್ಣದಾಗಿಸಿ. ಅರೆಯುವಾಗ ಯಂತ್ರ ಬಿಸಿಯಾಗಲು ಬಿಡಬೇಡಿ, ಆ ಬಿಸಿಗೂ ಸ್ಫಟಿಕವಾದೀತು.

ಪ್ರಮಾಣವನ್ನೂ ನೋಡಿಕೊಳ್ಳಿ. 1 ಗ್ರಾಂ ಪೆಟ್ ಪೂರ್ತಿ ಒಡೆದರೆ ಸುಮಾರು 10 ಮಿಲಿಮೋಲ್ ಆಮ್ಲ ಹೊರಬರುತ್ತದೆ. 100 ಮಿಲಿಲೀಟರ್ ಬಫರ್ ಅದನ್ನು ತಾಳುವುದಿಲ್ಲ, ಪಿಎಚ್ ಕುಸಿದು ಕಿಣ್ವ ನಿಲ್ಲುತ್ತದೆ. ಅಷ್ಟು ಬಫರಿಗೆ 100 ಮಿಲಿಗ್ರಾಂ ಸಾಕು. (ಕಾರ್ಖಾನೆಯಲ್ಲಿ ಈ ಆಮ್ಲವನ್ನು ತಣಿಸಲು ಕಿಲೋ ಪೆಟ್‌ಗೆ 400 ಗ್ರಾಂಗಿಂತ ಹೆಚ್ಚು ಕಾಸ್ಟಿಕ್ ಸೋಡಾ ಬೇಕು. ಖರ್ಚಿನ ದೊಡ್ಡ ಭಾರ ಅಲ್ಲಿದೆ.) ನೀರು ಆವಿಯಾಗದಂತೆ ಬಿರಡೆ ಬಿಗಿಯಿರಿ. ಕಿಣ್ವ ಹಾಕದ ಒಂದು ಬಾಟಲಿಯನ್ನು ಪಕ್ಕದಲ್ಲೇ ಇಡಿ. ತೂಕಕ್ಕಿಂತ ಮೊದಲೇ ಬದಲಾವಣೆ ಕಾಣುವುದು ದ್ರಾವಣದಲ್ಲಿ: ಸೋಸಿ, ತಿಳಿಗೊಳಿಸಿ, ಒಡೆದು ಕರಗಿದ ತುಂಡುಗಳು 240 ನ್ಯಾನೊಮೀಟರಿನ ಬೆಳಕನ್ನು ಎಷ್ಟು ಹೀರುತ್ತವೆ ಎಂದು ಅಳೆಯಿರಿ.

ಪ್ರಶ್ನೆ: ಸೊಪ್ಪು, ದರಗು ಹಾಕಿದ ನಮ್ಮ ಗೊಬ್ಬರದ ರಾಶಿ ಕೈಯಿಡಲಾಗದಷ್ಟು ಬಿಸಿಯಾಗುತ್ತದೆ. ಬಾಟಲಿ ಚೂರುಗಳನ್ನು ಅದರಲ್ಲೇ ಕೊಳೆಸಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. ಮೇಲೆ ಹೇಳಿದ ಫ್ರೆಂಚ್ ಕಿಣ್ವದ ಮೂಲ ಜಪಾನಿನ ಎಲೆ-ಕೊಂಬೆ ಗೊಬ್ಬರದಲ್ಲಿ ಸಿಕ್ಕ ಜೀನ್ ಎಂಬುದು ನಿಜ. ಎಲೆಯ ಮೇಲಿನ ಮೇಣದಂಥ ಪದರ, ಕ್ಯುಟಿನ್, ಕರಗಿಸಲು ಅಂಥ ಕಿಣ್ವಗಳಿರುತ್ತವೆ. ಆದರೆ ರಾಶಿಯಲ್ಲಿ ಕಿಣ್ವದ ಪ್ರಮಾಣ ಅತ್ಯಲ್ಪ, 60–70 ಡಿಗ್ರಿ ಬಿಸಿ ಹೆಚ್ಚು ದಿನ ನಿಲ್ಲದು, ಚೂರುಗಳೋ ಸ್ಫಟಿಕವಾದವು. ಅವು ಹಾಗೇ ಉಳಿದು ಗೊಬ್ಬರದೊಡನೆ ಅಡಿಕೆ ಮರದ ಬುಡ ಸೇರುತ್ತವೆ, ಮತ್ತೆ ಹೆಕ್ಕಲಾಗದು. ಹಾಲಿನ ಕವರನ್ನೂ ರಾಶಿಗೆ ಹಾಕಬೇಡಿ, ಅದು ಪಾಲಿಥೀನ್ ಎಂಬ ಬೇರೆಯೇ ಪ್ಲಾಸ್ಟಿಕ್. ಅದರಲ್ಲಿ ಈ ಕಿಣ್ವ ಕತ್ತರಿಸುವ ಬಂಧವೇ ಇಲ್ಲ. ಬಾಟಲಿಯ ಮುಚ್ಚಳ ತೆಗೆದು, ತೊಳೆದು, ಚಪ್ಪಟೆ ಮಾಡಿ ಒಣ ಕಸಕ್ಕೆ ಕೊಡಿ.