ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: ಮಗಳ ಬಾಣಂತನಕ್ಕೆ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದೇವೆ. ದೂರ 14,000 ಕಿ.ಮೀ. ಅಂತೆ. ಗಂಟೆಗೆ 900 ಕಿ.ಮೀ. ಹೋದರೆ ಹದಿನೈದೂವರೆ ಗಂಟೆ ಸಾಕು. ದುಬೈ ಮೂಲಕ ಹೋಗುವ ನಮ್ಮ ಟಿಕೆಟ್‌ನಲ್ಲಿ ಮಾತ್ರ ಇಪ್ಪತ್ತೆರಡೂವರೆ ಗಂಟೆ ಎಂದಿದೆ. ಏಕೆ?
– ಓದುಗರೊಬ್ಬರು, ಹಾಸನ

ಉತ್ತರ: 14,000 ಸರಿಯಾದ ಅಂಕಿಯೇ. ಆದರೆ ಅದು ಗೋಳದ ಮೇಲೆ ಎರಡು ಊರಿನ ನಡುವೆ ದಾರ ಬಿಗಿದು ಅಳೆದ ದೂರ. ಆ ದಾರ ಬೆಂಗಳೂರಿನಿಂದ ಉತ್ತರಕ್ಕೆ ತುಸು ಪೂರ್ವವಾಗಿ ಹೊರಟು ಟಿಬೆಟ್, ಸೈಬೀರಿಯಾ ದಾಟಿ, 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೇಲೆ ಇಳಿಯುತ್ತದೆ. ಗೋಡೆಗೆ ಹಾಕುವ ನಕ್ಷೆಯಲ್ಲಿ ಅಳೆದರೆ ಇದು ಗೊತ್ತಾಗುವುದೇ ಇಲ್ಲ.

ವಿಮಾನ ಈ ಗೆರೆಯನ್ನು ಹಾಗೇ ಹಿಡಿಯಲಾರದು. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಬೇಗನೆ 10,000 ಅಡಿಗೆ, ಅಂದರೆ ಸುಮಾರು 3,000 ಮೀಟರಿಗೆ ಇಳಿಸಬೇಕು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್. ಅಲ್ಲಿ ಇಳಿಯಲು ಜಾಗವೆಲ್ಲಿ? ಹಾಗಾಗಿ ಸುತ್ತು ದಾರಿ. ಇದರ ಜೊತೆಗೆ ಕೆಲವು ದೇಶಗಳ ವಾಯುಪ್ರದೇಶ ಆಗಾಗ ಮುಚ್ಚಿರುತ್ತದೆ.

ನಿಮ್ಮ ದಾರಿಯನ್ನೇ ನೋಡಿ. ದುಬೈವರೆಗೆ ಸುಮಾರು 2,700, ಅಲ್ಲಿಂದ 13,000, ಒಟ್ಟು 15,700 ಕಿ.ಮೀ. ಹಾರಾಟ ಸುಮಾರು 20 ಗಂಟೆ, ಉಳಿದದ್ದು ದುಬೈನಲ್ಲಿ ಕಾಯುವ ಹೊತ್ತು. ಟಿಕೆಟ್ಟಿನ ಲೆಕ್ಕ ಗೇಟು ಬಿಟ್ಟಲ್ಲಿಂದ ಗೇಟು ಸೇರುವವರೆಗೆ. ರನ್‌ವೇಗೆ ತೆವಳುವ ಸಮಯವೂ ಅದರಲ್ಲೇ ಸೇರಿದೆ.

ಇನ್ನು 900 ಕಿ.ಮೀ. ವೇಗ ಗಾಳಿಗೆ ಹೋಲಿಸಿದ್ದು, ನೆಲಕ್ಕಲ್ಲ. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ. ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ಮೀರುವುದುಂಟು. ಎದುರು ಗಾಳಿ 150 ಇದ್ದರೆ ನೆಲದ ಲೆಕ್ಕದಲ್ಲಿ ಸಿಗುವುದು 750 ಮಾತ್ರ. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗುವುದಕ್ಕಿಂತ ಬರುವ ಪ್ರಯಾಣ ಸುಮಾರು ಒಂದು ಗಂಟೆ ಕಡಿಮೆ ಆಗುವುದು ಇದರಿಂದಲೇ.

ಪ್ರಶ್ನೆ: ಸೋಮವಾರ ಬೆಳಗಿನ ಜಾವ 4ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ 1ಕ್ಕೆ ಇಳಿಯುತ್ತೇವೆ ಎಂದೂ ಟಿಕೆಟ್‌ನಲ್ಲಿದೆ. ಇದು ಹೇಗೆ?

ಉತ್ತರ: ಟಿಕೆಟ್‌ನಲ್ಲಿ ಹಾಕುವುದು ಆಯಾ ಊರಿನ ಗಡಿಯಾರದ ಹೊತ್ತು. ಎರಡನ್ನೂ ಭಾರತದ ಸಮಯಕ್ಕೆ ತಂದು ಕಳೆಯಿರಿ. ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಸೋಮವಾರ ಮಧ್ಯಾಹ್ನ 1 ಎಂದರೆ ಇಲ್ಲಿ ಮಂಗಳವಾರ ನಸುಕಿನ 2.30. ನಾಲ್ಕರಿಂದ ಎಣಿಸಿದರೆ ಇಪ್ಪತ್ತೆರಡೂವರೆ ಗಂಟೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಈ ಅಂತರ ಹನ್ನೆರಡೂವರೆ ಗಂಟೆ.

ಎಚ್ಚರ ಬೇಕಾದ್ದು ವಾಪಸು ಬರುವಾಗ. ಇಳಿಯುವ ಹೊತ್ತಿನ ಪಕ್ಕ ಸಣ್ಣದಾಗಿ +2 ಎಂದಿರುತ್ತದೆ. ಶುಕ್ರವಾರ ಸಂಜೆ ಹೊರಟರೆ ಬಂದಿಳಿಯುವುದು ಭಾನುವಾರ. ಇಳಿಯುವ ಹೊತ್ತು ಭಾನುವಾರ 2.30 ಎಂದಿದ್ದರೆ ಅದು ಶನಿವಾರ ರಾತ್ರಿ ಕಳೆದ ನಸುಕು. ಹಾಸನದಿಂದ ಕಾರು ಕಳಿಸುವವರಿಗೆ ‘ಶನಿವಾರ ರಾತ್ರಿ 9ಕ್ಕೇ ಹೊರಡಿ’ ಎಂದು ಬಿಡಿಸಿ ಹೇಳಿ. ಭಾನುವಾರ ಎಂದಷ್ಟೇ ಹೇಳಿದರೆ ಕಾರು ಒಂದು ದಿನ ತಡವಾಗಿ ಬರುತ್ತದೆ.